‘ಪ್ಯಾಡಿನಿಂದ 56 ಹುಡುಗಿಯರ ಸಾವು’ ಫಾರ್ವರ್ಡ್ ನಿಮಗೂ ಬಂದಿದೆಯೇ? ಗುಪ್ತಾಂಗದ ಸ್ವಚ್ಛತೆ ಬಗ್ಗೆ ನಿಜಕ್ಕೂ ತಿಳಿದಿರಬೇಕಾದ್ದು ಇಲ್ಲಿದೆ

ನಿಮ್ಮ ಫ್ಯಾಮಿಲಿ ಗ್ರೂಪಿಗೂ ಈ ಸಂದೇಶ ಬಂದಿರಬಹುದು. ಒಂದೇ ಪ್ಯಾಡನ್ನು ಇಡೀ ದಿನ ಹಾಕಿಕೊಂಡಿದ್ದಕ್ಕೆ 56 ಹುಡುಗಿಯರು ಸತ್ತರಂತೆ. ಪ್ಯಾಡಿನೊಳಗಿನ ರಾಸಾಯನಿಕ ರಕ್ತವನ್ನು ಜೆಲ್ ಮಾಡುತ್ತದಂತೆ, ಅದರಿಂದ ಗರ್ಭಕೋಶದ ಕ್ಯಾನ್ಸರ್ ಬರುತ್ತದಂತೆ. ಕೊನೆಯಲ್ಲಿ ಮಾಮೂಲಿ ಸಾಲು: ನಿಮ್ಮ ಅಕ್ಕ, ತಂಗಿ, ಹೆಂಡತಿ, ಮಗಳಿಗೆ ಕೂಡಲೇ ಕಳಿಸಿ.

ಈ ಸಂದೇಶ ವರ್ಷಗಳಿಂದ ಹಲವು ಭಾಷೆಗಳಲ್ಲಿ ಸುತ್ತುತ್ತಿದೆ. ಅದರಲ್ಲಿ ಯಾವ ಊರು, ಯಾವ ಆಸ್ಪತ್ರೆ, ಯಾವ ದಿನ ಎಂಬುದಿಲ್ಲ. ಇದರ ಬೆನ್ನಿಗೇ ಇನ್ನಷ್ಟು ಸಲಹೆಗಳು ಬರುತ್ತವೆ: ನಿಂಬೆರಸದಿಂದ ತೊಳೆಯಿರಿ, ಬೇವಿನ ನೀರಿನ ಹಬೆ ತೆಗೆದುಕೊಳ್ಳಿ, ಬೆಳ್ಳುಳ್ಳಿ ಎಸಳು ಒಳಗಿಡಿ, ಬಿಳಿ ಸೆರಗು ಹೋದರೆ ಮೂಳೆ ಕರಗುತ್ತಿದೆ ಎಂದರ್ಥ.

ಇವನ್ನು ಕಳಿಸುವವರ ಉದ್ದೇಶ ಕೆಟ್ಟದ್ದಲ್ಲ. ಬಾಯಿಬಿಟ್ಟು ಕೇಳಲಾಗದ ವಿಷಯಕ್ಕೆ ಯಾರೋ ಉತ್ತರ ಕೊಟ್ಟರಲ್ಲ ಎಂದು ಕಳಿಸುತ್ತಾರೆ. ಆದರೆ ತಪ್ಪು ಸಲಹೆಯಿಂದ ಆಗುವ ತೊಂದರೆ ದೊಡ್ಡದು. ನಮ್ಮ ತಂಡದ ಒಬ್ಬರ ದೊಡ್ಡಮ್ಮನ ಕಥೆ ಹೀಗಿದೆ. ತುರಿಕೆ ಶುರುವಾದಾಗ ಅವರು ನೀರಿಗೆ ಆಂಟಿಸೆಪ್ಟಿಕ್ ಬೆರೆಸಿ ತೊಳೆದುಕೊಳ್ಳಲು ಶುರುಮಾಡಿದರು. ಉರಿ ಜಾಸ್ತಿಯಾಯಿತು. ಶುಚಿ ಸಾಲದೆಂದು ದಿನಕ್ಕೆ ಮೂರು ಬಾರಿ ತೊಳೆದರು. ಏಳೆಂಟು ತಿಂಗಳು ಯಾರಿಗೂ ಹೇಳಲಿಲ್ಲ. ಕೊನೆಗೆ ವೈದ್ಯರ ಬಳಿ ಹೋದಾಗ ಅವರು ಮೊದಲು ಬರೆದದ್ದು ಸಕ್ಕರೆ ಪರೀಕ್ಷೆ. ದೊಡ್ಡಮ್ಮನಿಗೆ ಡಯಾಬಿಟಿಸ್ ಇತ್ತು. ತುರಿಕೆ ಅದರ ಮೊದಲ ಸೂಚನೆಯಾಗಿತ್ತು.

ಆದ್ದರಿಂದ ಈ ವಿಷಯವನ್ನು ಒಂದೊಂದಾಗಿ ನೋಡೋಣ.

ಮೊದಲು, 56 ಹುಡುಗಿಯರ ಕಥೆ

ಪ್ಯಾಡಿನೊಳಗೆ ಜೆಲ್ ಆಗುವ ವಸ್ತು ಇರುವುದು ನಿಜ. ಅದರ ಹೆಸರು ಸೋಡಿಯಂ ಪಾಲಿಅಕ್ರಿಲೇಟ್. ತನ್ನ ತೂಕಕ್ಕಿಂತ ಎಷ್ಟೋ ಪಟ್ಟು ಹೆಚ್ಚು ದ್ರವವನ್ನು ಹೀರಿ ಹಿಡಿದಿಟ್ಟುಕೊಳ್ಳುವುದು ಅದರ ಕೆಲಸ. ಮಕ್ಕಳ ಡೈಪರಿನಲ್ಲಿ ಇರುವುದೂ ಇದೇ. ಪ್ಯಾಡಿನಲ್ಲಿರುವ ಈ ವಸ್ತುವಿನಿಂದ ಗರ್ಭಕೋಶದ ಕ್ಯಾನ್ಸರ್ ಬರುತ್ತದೆ ಎನ್ನಲು ಆಧಾರವಿಲ್ಲ. ಅಲ್ಲದೆ ಕ್ಯಾನ್ಸರ್ ಬೆಳೆಯಲು ವರ್ಷಗಳೇ ಬೇಕು, ಒಂದು ದಿನ ಪ್ಯಾಡ್ ಬದಲಿಸದಿದ್ದಕ್ಕೆ ಅದು ಬರುವುದಿಲ್ಲ.

ಹಾಗಾದರೆ ಸಾವಿನ ಮಾತು ಎಲ್ಲಿಂದ ಬಂತು? ಬಹುಶಃ ಇದರ ಹಿಂದೆ ಒಂದು ಹಳೆಯ ನಿಜದ ನೆರಳಿದೆ. 1980ರ ಸುಮಾರಿಗೆ ಅಮೆರಿಕದಲ್ಲಿ ಅತಿ ಹೆಚ್ಚು ಹೀರುವ ಟ್ಯಾಂಪೂನ್ ಬಳಸಿದ ಮಹಿಳೆಯರಲ್ಲಿ ಟಾಕ್ಸಿಕ್ ಶಾಕ್ ಸಿಂಡ್ರೋಮ್ ಎಂಬ ಅಪಾಯಕಾರಿ ಕಾಯಿಲೆ ಕಾಣಿಸಿತು, ಸಾವುಗಳೂ ಆದವು. ಸ್ಟೆಫೈಲೊಕಾಕಸ್ ಎಂಬ ಬ್ಯಾಕ್ಟೀರಿಯಾ ಉತ್ಪಾದಿಸುವ ವಿಷ ಅದಕ್ಕೆ ಕಾರಣ. ಟ್ಯಾಂಪೂನ್ ಯೋನಿಯ ಒಳಗೆ ಇರುವಂಥದ್ದು, ಪ್ಯಾಡ್ ಹೊರಗೆ. ಎರಡನ್ನೂ ಒಂದೇ ಎಂದುಕೊಳ್ಳಬಾರದು.

ಇನ್ನೊಂದು ಮಾತನ್ನೂ ಹೇಳಬೇಕು. 2022ರಲ್ಲಿ ದೆಹಲಿಯ ಟಾಕ್ಸಿಕ್ಸ್ ಲಿಂಕ್ ಸಂಸ್ಥೆ ನಮ್ಮ ದೇಶದಲ್ಲಿ ಮಾರಾಟವಾಗುವ ಕೆಲವು ಪ್ಯಾಡುಗಳಲ್ಲಿ ಥಾಲೇಟ್ ಮತ್ತಿತರ ರಾಸಾಯನಿಕಗಳು ಇರುವುದನ್ನು ವರದಿ ಮಾಡಿತು. ಪ್ಯಾಡಿನಲ್ಲಿ ಏನೇನಿದೆ ಎಂದು ಕಂಪನಿಗಳು ಹೇಳಬೇಕು, ಅದಕ್ಕೆ ಕಟ್ಟುನಿಟ್ಟಿನ ನಿಯಮ ಬೇಕು ಎಂದು ಕೇಳುವುದು ನ್ಯಾಯ. ಆದರೆ ಆ ವರದಿಯೂ ಪ್ಯಾಡಿನಿಂದ ಇಷ್ಟು ಜನ ಸತ್ತರು ಎಂದು ಹೇಳಿಲ್ಲ.

ಹೊರಗೆ ಬೇರೆ, ಒಳಗೆ ಬೇರೆ

ನಮ್ಮ ಮಾತಿನಲ್ಲಿ ಎಲ್ಲವೂ ‘ಆ ಜಾಗ’, ‘ಕೆಳಗೆ’. ಅರ್ಧ ಗೊಂದಲ ಇಲ್ಲೇ ಶುರು. ಹೊರಗೆ ಕಾಣುವ ಚರ್ಮದ ಮಡಿಕೆಗಳ ಭಾಗವನ್ನು ವಲ್ವಾ ಎನ್ನುತ್ತಾರೆ. ಅಲ್ಲಿಂದ ಗರ್ಭಕೋಶದ ಬಾಯಿಯ ತನಕ ಹೋಗುವ ಒಳದಾರಿ ಯೋನಿ. ಹೊರಭಾಗವನ್ನು ನಾವು ತೊಳೆಯಬೇಕು. ಒಳಭಾಗ ತನ್ನನ್ನು ತಾನೇ ಶುಚಿ ಮಾಡಿಕೊಳ್ಳುತ್ತದೆ.

ಹೇಗೆ? ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುವುದನ್ನು ನೆನಪಿಸಿಕೊಳ್ಳಿ. ಹಾಲಿನ ಸಕ್ಕರೆಯನ್ನು ಬ್ಯಾಕ್ಟೀರಿಯಾ ತಿಂದು ಲ್ಯಾಕ್ಟಿಕ್ ಆಮ್ಲ ಮಾಡುತ್ತದೆ, ಹಾಲು ಹುಳಿಯಾಗಿ ಮೊಸರಾಗುತ್ತದೆ. ಯೋನಿಯಲ್ಲೂ ಲ್ಯಾಕ್ಟೋಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾಗಳು ಇವೆ. ಈಸ್ಟ್ರೋಜನ್ ಹಾರ್ಮೋನಿನಿಂದ ಯೋನಿಯ ಜೀವಕೋಶಗಳಲ್ಲಿ ಗ್ಲೈಕೋಜನ್ ಎಂಬ ಸಕ್ಕರೆಯ ರೂಪ ಶೇಖರವಾಗುತ್ತದೆ. ಅದರಿಂದ ಈ ಬ್ಯಾಕ್ಟೀರಿಯಾಗಳು ಲ್ಯಾಕ್ಟಿಕ್ ಆಮ್ಲ ತಯಾರಿಸುತ್ತವೆ. ಆ ಹುಳಿಯಲ್ಲಿ ಬೇರೆ ಕೆಟ್ಟ ಬ್ಯಾಕ್ಟೀರಿಯಾಗಳು ಸುಲಭವಾಗಿ ಬೆಳೆಯುವುದಿಲ್ಲ. 1892ರಲ್ಲೇ ಜರ್ಮನಿಯ ಸ್ತ್ರೀರೋಗ ತಜ್ಞ ಆಲ್ಬರ್ಟ್ ಡೋಡರ್ಲೈನ್ ಈ ಬ್ಯಾಕ್ಟೀರಿಯಾಗಳ ಬಗ್ಗೆ ಬರೆದಿದ್ದರು.

ಮುಟ್ಟಾಗುವ ವಯಸ್ಸಿನ ಆರೋಗ್ಯವಂತ ಮಹಿಳೆಯರಲ್ಲಿ ಯೋನಿಯ ಪಿಎಚ್ ಸಾಮಾನ್ಯವಾಗಿ 3.8ರಿಂದ 4.5ರ ನಡುವೆ ಇರುತ್ತದೆ. ನಾವು ಸ್ನಾನಕ್ಕೆ ಬಳಸುವ ಸಾಮಾನ್ಯ ಸೋಪಿನ ಪಿಎಚ್ 9ರಿಂದ 10. ಪಿಎಚ್ ಲೆಕ್ಕದಲ್ಲಿ ಒಂದು ಅಂಕಿ ಏರಿದರೆ ಹುಳಿ 10 ಪಟ್ಟು ಕಡಿಮೆಯಾದಂತೆ. 4ಕ್ಕೂ 9ಕ್ಕೂ ಇರುವ ವ್ಯತ್ಯಾಸ 1 ಲಕ್ಷ ಪಟ್ಟು. ಒಳಗೆ ಸೋಪು ಹಾಕಬೇಡಿ ಎನ್ನುವುದು ಇದಕ್ಕೇ.

ಹಾಗಾದರೆ ತೊಳೆಯುವುದು ಹೇಗೆ?

ದಿನಕ್ಕೆ ಒಂದು ಬಾರಿ ಹೊರಭಾಗವನ್ನು ಬರೀ ಉಗುರು ಬೆಚ್ಚಗಿನ ನೀರಿನಿಂದ ಕೈಯಲ್ಲಿ ತೊಳೆದರೆ ಸಾಕು. ಮುಟ್ಟಿನ ದಿನಗಳಲ್ಲಿ ಎರಡು ಬಾರಿ ತೊಳೆದರೂ ಪರವಾಗಿಲ್ಲ. ಸೋಪು ಬೇಕೇ ಬೇಕು ಎನಿಸಿದರೆ ಪರಿಮಳವಿಲ್ಲದ ಮೃದುವಾದ ಸೋಪನ್ನು ಹೊರಗಿನ ಚರ್ಮಕ್ಕೆ ಮಾತ್ರ ಸ್ವಲ್ಪ ಹಚ್ಚಿ ಚೆನ್ನಾಗಿ ತೊಳೆಯಿರಿ. ಆಮೇಲೆ ಮೆತ್ತನೆಯ ಬಟ್ಟೆಯಿಂದ ಒತ್ತಿ ಒರೆಸಿ, ಉಜ್ಜಬೇಡಿ.

ಕೆಳಗಿನವು ಬೇಡ:

- ಯೋನಿಯ ಒಳಗೆ ನೀರು ಹಾಯಿಸಿ ತೊಳೆಯುವುದು. ಇದಕ್ಕೆ ಡೂಶಿಂಗ್ ಎನ್ನುತ್ತಾರೆ. ಹೀಗೆ ಮಾಡುವವರಲ್ಲಿ ಬ್ಯಾಕ್ಟೀರಿಯಲ್ ವಜೈನೋಸಿಸ್ ಮತ್ತು ಗರ್ಭಕೋಶ, ಗರ್ಭನಾಳಗಳ ಸೋಂಕು ಹೆಚ್ಚು ಕಂಡುಬಂದಿದೆ.
- ಆಂಟಿಸೆಪ್ಟಿಕ್ ದ್ರಾವಣ. ಅದು ಕೆಟ್ಟ ಬ್ಯಾಕ್ಟೀರಿಯಾದ ಜೊತೆ ಒಳ್ಳೆಯದನ್ನೂ ಕೊಲ್ಲುತ್ತದೆ, ಚರ್ಮವನ್ನೂ ಸುಡುತ್ತದೆ.
- ನಿಂಬೆ, ಬೆಳ್ಳುಳ್ಳಿ, ಟೂತ್‌ಪೇಸ್ಟ್, ಅಡುಗೆ ಸೋಡಾ. ಇವುಗಳಿಂದ ಸುಟ್ಟಗಾಯ ಆಗಬಹುದು.
- ಮೊಸರು ಒಳಗೆ ಹಚ್ಚುವುದು. ಮೊಸರಿನ ಬ್ಯಾಕ್ಟೀರಿಯಾದ ತಳಿ ಬೇರೆ, ಯೋನಿಯದ್ದು ಬೇರೆ. ಮೊಸರನ್ನು ಊಟಕ್ಕೆ ಬಳಸಿ.
- ಹಬೆ ತೆಗೆದುಕೊಳ್ಳುವುದು. ಹಬೆಯಿಂದ ಗರ್ಭಕೋಶ ‘ಕ್ಲೀನ್’ ಆಗುವುದಿಲ್ಲ, ಚರ್ಮ ಬೇಯುವ ಅಪಾಯ ಇದೆ.
- ಪರಿಮಳದ ಸ್ಪ್ರೇ, ಪೌಡರ್, ಪರಿಮಳದ ಪ್ಯಾಡ್.

ಇಂಟಿಮೇಟ್ ವಾಶ್ ಬಗ್ಗೆ ಬಹಳ ಮಂದಿ ಕೇಳುತ್ತಾರೆ. ಆರೋಗ್ಯವಂತ ಮಹಿಳೆಗೆ ಅದರ ಅಗತ್ಯ ಇಲ್ಲ. ಬಳಸಲೇಬೇಕೆಂದರೆ ಹೊರಭಾಗಕ್ಕೆ ಮಾತ್ರ ಬಳಸಿ, ಉರಿ ಬಂದರೆ ನಿಲ್ಲಿಸಿ. ‘ನಿನ್ನ ವಾಸನೆ ಸರಿಯಿಲ್ಲ’ ಎಂದು ಹೆದರಿಸಿ ವಸ್ತು ಮಾರುವುದು ಹೊಸದೇನಲ್ಲ. ಅಮೆರಿಕದಲ್ಲಿ ಕಳೆದ ಶತಮಾನದ 20ರ ದಶಕದಿಂದ 50ರ ದಶಕದವರೆಗೆ ನೆಲ ಒರೆಸುವ ಲೈಸಾಲನ್ನೇ ಹೆಂಗಸರ ಒಳಗಿನ ಶುಚಿಗೆ ಎಂದು ಜಾಹೀರಾತು ಕೊಟ್ಟು ಮಾರುತ್ತಿದ್ದರು. ಗಂಡ ದೂರವಾಗುತ್ತಾನೆ ಎಂಬ ಭಯವೇ ಆ ಜಾಹೀರಾತುಗಳ ಬಂಡವಾಳ. ಅದನ್ನು ಬಳಸಿ ಸುಟ್ಟುಕೊಂಡವರೂ ಇದ್ದರು.

ಬಿಳಿ ಸೆರಗು: ಯಾವುದು ಸಹಜ, ಯಾವುದು ಅಲ್ಲ?

ಬಿಳಿ ಸೆರಗು ಹೋದರೆ ಮೈ ಉಷ್ಣವಾಗಿದೆ, ಮೂಳೆ ಸವೆಯುತ್ತಿದೆ ಎಂಬ ಮಾತನ್ನು ನಾವೆಲ್ಲ ಕೇಳಿ ಬೆಳೆದವರೇ. ಮೂಳೆಗೂ ಅದಕ್ಕೂ ಸಂಬಂಧವಿಲ್ಲ. ಯೋನಿಯಿಂದ ಸ್ವಲ್ಪ ಸ್ರಾವ ಬರುವುದು ಸಹಜ. ಹಳೆಯ ಜೀವಕೋಶಗಳನ್ನು ದೇಹ ಹೊರಹಾಕುವ ದಾರಿ ಅದು. ತಿಂಗಳ ಮಧ್ಯದಲ್ಲಿ, ಅಂಡಾಣು ಬಿಡುಗಡೆಯಾಗುವ ಹೊತ್ತಿಗೆ, ಸ್ರಾವ ತೆಳುವಾಗಿ ಮೊಟ್ಟೆಯ ಬಿಳಿ ಲೋಳೆಯಂತೆ ಎಳೆಯಾಗುತ್ತದೆ. ಬೇರೆ ದಿನಗಳಲ್ಲಿ ದಪ್ಪಗೆ ಬೆಳ್ಳಗೆ ಇರಬಹುದು. ಬಸುರಿನಲ್ಲಿ ಹೆಚ್ಚುತ್ತದೆ. ಒಳ ಉಡುಪಿನ ಮೇಲೆ ಒಣಗಿದಾಗ ತುಸು ಹಳದಿ ಕಾಣಬಹುದು. ತುರಿಕೆ, ಉರಿ, ನೋವು, ಕೆಟ್ಟ ವಾಸನೆ ಇಲ್ಲದಿದ್ದರೆ ಹೆದರುವ ಕಾರಣವಿಲ್ಲ.

ಗೋವಾದಲ್ಲಿ ಸುಮಾರು 2500 ಮಹಿಳೆಯರ ನಡುವೆ ಮನೋವೈದ್ಯ ವಿಕ್ರಂ ಪಟೇಲ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ ಒಂದು ಕುತೂಹಲದ ಸಂಗತಿ ಹೇಳಿತು. ಸ್ರಾವದ ದೂರು ಹೇಳಿದ ಮಹಿಳೆಯರಲ್ಲಿ, ಆ ದೂರಿಗೆ ಸೋಂಕಿಗಿಂತ ಮಾನಸಿಕ ಒತ್ತಡ, ಆತಂಕದ ಜೊತೆ ಹೆಚ್ಚು ನಂಟು ಇತ್ತು. ಸುಸ್ತು, ಚಿಂತೆ, ಮನೆಯ ಕಷ್ಟವನ್ನು ಹೇಳಿಕೊಳ್ಳಲು ಬೇರೆ ಭಾಷೆ ಇಲ್ಲದಾಗ ‘ಬಿಳುಪು ಹೋಗುತ್ತಿದೆ’ ಎಂಬ ಮಾತೇ ಆ ಭಾಷೆಯಾಗಬಹುದು. ಹಾಗೆ ಹೇಳುವವರನ್ನು ‘ಏನೂ ಇಲ್ಲ ಹೋಗಮ್ಮ’ ಎಂದು ಕಳಿಸಬಾರದು. ಏನಾಗುತ್ತಿದೆ ಎಂದು ಕೂರಿಸಿ ಕೇಳಬೇಕು.

ಇನ್ನು ಸಹಜವಲ್ಲದ ಸ್ರಾವ. ಸ್ಥೂಲವಾಗಿ ಮೂರು ಬಗೆ:

- ಒಡೆದ ಹಾಲಿನಂತೆ ಗಟ್ಟಿ ಬಿಳಿ ಸ್ರಾವ, ಜೋರು ತುರಿಕೆ: ಇದು ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕು ಇರಬಹುದು. ನಾಲ್ವರಲ್ಲಿ ಮೂವರು ಮಹಿಳೆಯರಿಗೆ ಜೀವನದಲ್ಲಿ ಒಮ್ಮೆಯಾದರೂ ಬರುತ್ತದೆ. ಆಂಟಿಬಯೋಟಿಕ್ ತೆಗೆದುಕೊಂಡ ಮೇಲೆ, ಬಸುರಿನಲ್ಲಿ, ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದಾಗ ಹೆಚ್ಚು. ಪದೇಪದೇ ಬಂದರೆ ಸಕ್ಕರೆ ಪರೀಕ್ಷೆ ಮಾಡಿಸಿ.
- ತೆಳುವಾದ ಬೂದು ಬಣ್ಣದ ಸ್ರಾವ, ಮೀನಿನಂಥ ವಾಸನೆ: ಬ್ಯಾಕ್ಟೀರಿಯಲ್ ವಜೈನೋಸಿಸ್ ಇರಬಹುದು. ಲ್ಯಾಕ್ಟೋಬ್ಯಾಸಿಲಸ್ ಕಡಿಮೆಯಾಗಿ ಬೇರೆ ಬ್ಯಾಕ್ಟೀರಿಯಾ ಹೆಚ್ಚಾದಾಗ ಹೀಗಾಗುತ್ತದೆ. ಹೆಚ್ಚು ತೊಳೆದರೆ ಹೆಚ್ಚಾಗುತ್ತದೆ.
- ಹಳದಿ ಅಥವಾ ಹಸಿರು ನೊರೆನೊರೆ ಸ್ರಾವ: ಟ್ರೈಕೊಮೋನಾಸ್ ಇರಬಹುದು. ಇದು ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ಹೆಂಡತಿಗೆ ಮಾತ್ರ ಔಷಧಿ ಕೊಟ್ಟರೆ ಸಾಲದು, ಗಂಡನೂ ತೆಗೆದುಕೊಳ್ಳಬೇಕು.

ಮೂರಕ್ಕೂ ಔಷಧಿ ಇದೆ, ಆದರೆ ಎಲ್ಲಕ್ಕೂ ಒಂದೇ ಔಷಧಿ ಅಲ್ಲ. ಪಕ್ಕದ ಮನೆಯವರು ಬಳಸಿದ ಕ್ರೀಮನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ ತಂದರೆ ವಾಸಿಯಾಗದೇ ಇರುವುದು ಅದಕ್ಕೇ.

ಮುಟ್ಟಿನ ದಿನಗಳಲ್ಲಿ

ಪ್ಯಾಡನ್ನು 4ರಿಂದ 6 ಗಂಟೆಗೊಮ್ಮೆ ಬದಲಿಸಿ, ಸ್ರಾವ ಕಡಿಮೆ ಇದ್ದರೂ ಕೂಡ. ಬದಲಿಸದಿದ್ದರೆ ಒದ್ದೆಯಿಂದ ಚರ್ಮ ಕೆರೆದು ಗಾಯವಾಗುತ್ತದೆ, ವಾಸನೆ ಬರುತ್ತದೆ, ಸೋಂಕಿಗೆ ದಾರಿಯಾಗುತ್ತದೆ. ಟ್ಯಾಂಪೂನ್ ಬಳಸುವವರು 8 ಗಂಟೆ ಮೀರಬಾರದು.

ಬಟ್ಟೆ ಬಳಸುವುದು ತಪ್ಪೇ? ತಪ್ಪಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 24 ವಯಸ್ಸಿನವರಲ್ಲಿ ಸುಮಾರು ಅರ್ಧದಷ್ಟು ಮಂದಿ ಈಗಲೂ ಬಟ್ಟೆ ಬಳಸುತ್ತಾರೆ. ತೊಂದರೆ ಇರುವುದು ಒಣಗಿಸುವುದರಲ್ಲಿ. ಯಾರಿಗೂ ಕಾಣಬಾರದೆಂದು ಸೀರೆಯ ಕೆಳಗೆ, ಬಚ್ಚಲಿನ ಮೂಲೆಯಲ್ಲಿ, ಮಂಚದಡಿಯಲ್ಲಿ ಹಾಕಿದ ಬಟ್ಟೆ ಪೂರ್ತಿ ಒಣಗುವುದೇ ಇಲ್ಲ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಂತೂ ಕೇಳುವುದೇ ಬೇಡ. ಆ ತೇವದಲ್ಲಿ ಶಿಲೀಂಧ್ರ ಬೆಳೆಯುತ್ತದೆ. ಹತ್ತಿ ಬಟ್ಟೆಯನ್ನು ಸೋಪು ಹಾಕಿ ತೊಳೆದು ಬಿಸಿಲಿನಲ್ಲಿ ಒಣಗಿಸಿ. ಬಿಸಿಲಿಲ್ಲದ ದಿನ ಇಸ್ತ್ರಿ ಹಾಕಬಹುದು. ಒಳ ಉಡುಪಿಗೂ ಇದೇ ನಿಯಮ. ನಾಚಿಕೆ ಬಿಟ್ಟು ತಂತಿಯ ಮೇಲೆ ಒಣಹಾಕಿ.

ಮುಟ್ಟಿನ ಕಪ್ ಬಗ್ಗೆಯೂ ಭಯದ ಸಂದೇಶಗಳಿವೆ. 2019ರಲ್ಲಿ ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಪತ್ರಿಕೆಯಲ್ಲಿ ಬಂದ ವಿಮರ್ಶೆ 43 ಅಧ್ಯಯನಗಳನ್ನು, 3300ಕ್ಕೂ ಹೆಚ್ಚು ಬಳಕೆದಾರರ ಅನುಭವವನ್ನು ಪರಿಶೀಲಿಸಿ ಕಪ್ ಸುರಕ್ಷಿತ ಎಂದಿತು. ಕಪ್ಪನ್ನು 12 ಗಂಟೆಯೊಳಗೆ ತೆಗೆದು ತೊಳೆಯಬೇಕು, ಪ್ರತಿ ತಿಂಗಳು ಕುದಿಸಬೇಕು, ಮುಟ್ಟುವ ಮೊದಲು ಕೈ ತೊಳೆಯಬೇಕು. ರಾಜ್ಯದಲ್ಲಿ ಶುಚಿ ಯೋಜನೆಯಡಿ ಸರಕಾರಿ ಶಾಲೆಯ ಹುಡುಗಿಯರಿಗೆ ಪ್ಯಾಡ್ ಕೊಡುತ್ತಾರೆ. ದಕ್ಷಿಣ ಕನ್ನಡ, ಚಾಮರಾಜನಗರ ಜಿಲ್ಲೆಗಳಲ್ಲಿ ಕಪ್ ಕೂಡ ಕೊಡಲಾಗಿದೆ. ಜನೌಷಧಿ ಅಂಗಡಿಗಳಲ್ಲಿ ‘ಸುವಿಧಾ’ ಪ್ಯಾಡ್ 2019ರಿಂದ 1 ರೂಪಾಯಿಗೆ ಒಂದರಂತೆ ಸಿಗುತ್ತಿದೆ.

ಮೂತ್ರ ತಡೆಯಬೇಡಿ

ಮಹಿಳೆಯರ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಮಾತ್ರ. ಅದರ ಬಾಯಿ ಮಲದ್ವಾರಕ್ಕೆ ಹತ್ತಿರ. ಕರುಳಿನ ಇ. ಕೋಲಿ ಬ್ಯಾಕ್ಟೀರಿಯಾಗೆ ಇದು ಗಿಡ್ಡ ದಾರಿ. ಆದ್ದರಿಂದ ಶೌಚದ ನಂತರ ಯಾವಾಗಲೂ ಮುಂದಿನಿಂದ ಹಿಂದಕ್ಕೆ ತೊಳೆಯಿರಿ. ಚಿಕ್ಕ ಹೆಣ್ಣುಮಕ್ಕಳಿಗೆ ಮೊದಲ ದಿನದಿಂದಲೇ ಹೀಗೆ ಕಲಿಸಿ. ಲೈಂಗಿಕ ಸಂಪರ್ಕದ ನಂತರ ಮೂತ್ರ ಮಾಡಿ.

ಬಸ್ಸಿನಲ್ಲಿ, ಗಾರ್ಮೆಂಟ್ಸ್ ಕೆಲಸದಲ್ಲಿ, ಶಾಲೆಯಲ್ಲಿ ಶೌಚಾಲಯ ಸರಿಯಿಲ್ಲ ಎಂದು ಬೆಳಗ್ಗಿನಿಂದ ನೀರೇ ಕುಡಿಯದ ಹೆಂಗಸರು, ಹುಡುಗಿಯರು ನಮ್ಮ ನಡುವೆ ಬೇಕಾದಷ್ಟಿದ್ದಾರೆ. ಮೂತ್ರದ ಸೋಂಕಿಗೆ ಇದೂ ಒಂದು ಕಾರಣ. ಇಲ್ಲಿ ಬದಲಾಗಬೇಕಾದ್ದು ಆ ಹುಡುಗಿಯ ಅಭ್ಯಾಸ ಅಲ್ಲ, ಬಾಗಿಲಿಗೆ ಚಿಲಕ ಇಲ್ಲದ, ನಲ್ಲಿಯಲ್ಲಿ ನೀರಿಲ್ಲದ ಆ ಶೌಚಾಲಯ.

ಬಟ್ಟೆ ಮತ್ತು ಕೂದಲು

ಹತ್ತಿಯ ಒಳ ಉಡುಪು, ದಿನಕ್ಕೊಮ್ಮೆ ಬದಲಾವಣೆ. ಬೆವರಿದರೆ, ಒದ್ದೆಯಾದರೆ ಬೇಗ ಬದಲಿಸಿ. ತುಂಬ ಬಿಗಿ ಬಟ್ಟೆಯನ್ನು ಇಡೀ ದಿನ ಹಾಕಬೇಡಿ. ಕೂದಲು ಕೊಳಕಲ್ಲ, ಅದು ಚರ್ಮವನ್ನು ಉಜ್ಜಾಟದಿಂದ ಕಾಪಾಡುತ್ತದೆ. ತೆಗೆಯಲೇಬೇಕೆಂಬ ನಿಯಮವಿಲ್ಲ. ಉದ್ದವಾಯಿತು ಎನಿಸಿದರೆ ಕತ್ತರಿಯಿಂದ ಗಿಡ್ಡ ಮಾಡಿಕೊಂಡರೆ ಸಾಕು.

ಕ್ಯಾನ್ಸರ್ ಭಯವೇ? ಹಾಗಾದರೆ ಇದನ್ನು ಮಾಡಿ

ಗರ್ಭಕೋಶದ ಕೊರಳಿನ ಕ್ಯಾನ್ಸರ್ ನಮ್ಮ ದೇಶದ ಮಹಿಳೆಯರಲ್ಲಿ ಹೆಚ್ಚು ಕಾಣುವ ಕ್ಯಾನ್ಸರ್‌ಗಳಲ್ಲಿ ಎರಡನೆಯದು. 2022ರ ಅಂದಾಜಿನಂತೆ ವರ್ಷಕ್ಕೆ ಸುಮಾರು 1.27 ಲಕ್ಷ ಹೊಸ ರೋಗಿಗಳು, ಸುಮಾರು 80 ಸಾವಿರ ಸಾವು. ಇದಕ್ಕೆ ಕಾರಣ ಪ್ಯಾಡ್ ಅಲ್ಲ. ಹೆಚ್ಚೂಕಡಿಮೆ ಎಲ್ಲ ಪ್ರಕರಣಗಳಲ್ಲೂ ಎಚ್‌ಪಿವಿ ಎಂಬ ವೈರಸ್ ಕಾರಣ. ಇದನ್ನು ಕಂಡುಹಿಡಿದ ಹೆರಾಲ್ಡ್ ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಇದಕ್ಕೆ ಲಸಿಕೆ ಇದೆ, 9ರಿಂದ 14 ವರ್ಷದೊಳಗೆ ಹಾಕಿಸುವುದು ಉತ್ತಮ. ನಮ್ಮ ದೇಶದಲ್ಲೇ ತಯಾರಾದ ‘ಸರ್ವವ್ಯಾಕ್’ ಲಸಿಕೆಗೆ 2022ರಲ್ಲಿ ಒಪ್ಪಿಗೆ ಸಿಕ್ಕಿದೆ. 30 ದಾಟಿದವರು ನೋವಿಲ್ಲದಿದ್ದರೂ ತಪಾಸಣೆ ಮಾಡಿಸಬೇಕು. ಕ್ಯಾನ್ಸರ್ ಆಗುವ ಎಷ್ಟೋ ವರ್ಷ ಮೊದಲೇ ಜೀವಕೋಶಗಳಲ್ಲಿ ಬದಲಾವಣೆ ಕಾಣುತ್ತದೆ, ಆಗಲೇ ತೆಗೆಯಬಹುದು.

ಆ 56 ಹುಡುಗಿಯರ ಸಂದೇಶದ ಬದಲು ಈ ಪ್ಯಾರಾ ಇಷ್ಟು ವರ್ಷ ಸುತ್ತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ನಮಗೆ ಅನಿಸುತ್ತದೆ.

ಯಾವಾಗ ವೈದ್ಯರ ಬಳಿ ಹೋಗಬೇಕು?

- ಸ್ರಾವದ ಬಣ್ಣ, ವಾಸನೆ ಬದಲಾದರೆ, ತುರಿಕೆ, ಉರಿ ಇದ್ದರೆ
- ಮೂತ್ರ ಮಾಡುವಾಗ ಉರಿ, ಜ್ವರ, ಕೆಳಹೊಟ್ಟೆ ನೋವು ಇದ್ದರೆ
- ಗಾಯ, ಗುಳ್ಳೆ, ಗಂಟು ಕಂಡರೆ
- ಸಂಪರ್ಕದ ನಂತರ, ಮುಟ್ಟಿನ ನಡುವೆ ರಕ್ತ ಬಂದರೆ
- ಮುಟ್ಟು ನಿಂತು ಒಂದು ವರ್ಷದ ಮೇಲೆ ಮತ್ತೆ ರಕ್ತ ಕಂಡರೆ (ತಡ ಮಾಡಲೇಬೇಡಿ)
- ಬಸುರಿಯಾಗಿದ್ದು ಮೇಲಿನ ಯಾವುದೇ ತೊಂದರೆ ಇದ್ದರೆ

ಸರಕಾರಿ ಜಿಲ್ಲಾ ಆಸ್ಪತ್ರೆಗಳ ಸುರಕ್ಷಾ ಕ್ಲಿನಿಕ್‌ನಲ್ಲಿ ಇಂಥ ಸೋಂಕುಗಳಿಗೆ ಉಚಿತ ಚಿಕಿತ್ಸೆ ಸಿಗುತ್ತದೆ. ಹದಿಹರೆಯದವರಿಗೆ ಸ್ನೇಹ ಕ್ಲಿನಿಕ್‌ಗಳಿವೆ. ಮಹಿಳಾ ವೈದ್ಯರೇ ಬೇಕೆಂದು ಕೇಳಬಹುದು, ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಬಹುದು.

1989ರಲ್ಲಿ ಮಹಾರಾಷ್ಟ್ರದ ಗಡಚಿರೋಲಿಯ ಡಾ. ರಾಣಿ ಬಂಗ್ ಮತ್ತು ಸಂಗಡಿಗರು ಎರಡು ಹಳ್ಳಿಗಳ 650 ಮಹಿಳೆಯರನ್ನು ಪರೀಕ್ಷಿಸಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ನೂರಕ್ಕೆ 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗದ ತೊಂದರೆ ಇತ್ತು. ಅದಕ್ಕೆ ಮೊದಲು ಪರೀಕ್ಷೆ ಮಾಡಿಸಿಕೊಂಡಿದ್ದವರು ನೂರಕ್ಕೆ 8 ಮಂದಿ ಮಾತ್ರ. ಆಗ ಮೊಬೈಲ್ ಇರಲಿಲ್ಲ, ಮಾಹಿತಿ ಇರಲಿಲ್ಲ. ಈಗ ಎರಡೂ ಇವೆ, ಆದರೂ ನಮ್ಮ ದೊಡ್ಡಮ್ಮ ಏಳೆಂಟು ತಿಂಗಳು ಸುಮ್ಮನಿದ್ದರು. ಯಾಕೆ ಮೊದಲೇ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ಅವರು ಹೇಳಿದ್ದು, ‘ಯಾರಾದರೂ ಕೇಳಿದ್ದರೆ ಹೇಳುತ್ತಿದ್ದೆ.’

ಆದ್ದರಿಂದ ಇವತ್ತು ಮನೆಯಲ್ಲಿ ಒಬ್ಬರನ್ನಾದರೂ ಕೇಳಿ. ಈ ಲೇಖನ ಉಪಯೋಗಕ್ಕೆ ಬಂದರೆ ಹಂಚಿಕೊಳ್ಳಿ. 10 ಜನಕ್ಕೆ ಕಳಿಸದಿದ್ದರೂ ಯಾವ ಕೆಡುಕೂ ಆಗುವುದಿಲ್ಲ.